ವಾಪಸ್ಸಿಗೆ ಪರ್ಮಿಟ್ ಇಲ್ಲ

ನನ್ನ ಬಾಪ್ಪುವಿಗೆ ತಲೆ ಸರಿ ಇಲ್ಲ ಎನ್ನುವವರು ಅವರನ್ನು ದೂರದಿಂದ ಬಲ್ಲವರು. ಹತ್ತಿರದಿಂದ ಬಲ್ಲ ನಾವು ಇನ್ನೂ ಖಾರದ ಮಾತು ಬಳಸುತ್ತೇವೆ! ಬಾಪ್ಪು ಎಂದರೆ ನಮ್ಮ ಕೊಂಕಣಿಯಲ್ಲಿ ಅಪ್ಪನ ತಮ್ಮ. ಗಲ್ಫಿನ ಕಟ್ಟಡ ಕಂಪನಿಯೊಂದರಲ್ಲಿ ಸೇಫ್ಟಿ ಆಫೀಸರ್ ಆಗಿ ಪ್ರಾಯವೆಲ್ಲ ಕಳೆದು, ಈಗ ಕೊಡಿಯಾಲ್‌ಬೈಲಿನ ಅಪಾರ್ಟ್‌ಮೆಂಟುಗಳ ಸಂದಿಯಲ್ಲಿ ಹೇಗೋ ಉಳಿದುಕೊಂಡ ಒಂದು ಹಂಚಿನ ಮನೆಯಲ್ಲಿದ್ದಾರೆ. ಮದುವೆಯಾಗಿಲ್ಲ. ಅದರಲ್ಲಿ ಅಪಾಯ ಹೆಚ್ಚು ಎಂದು ಅವರ ಅಂದಾಜು.

ಹಳದಿ ಹೆಲ್ಮೆಟ್ ಇಲ್ಲದೆ ತಮ್ಮ ತೆಂಗಿನ ಮರದ ಕೆಳಗೆ ಅವರು ಹೋಗುವುದಿಲ್ಲ. ಬಂದವರಿಗೂ ಗೇಟಿನಲ್ಲೇ ಒಂದು ಕೊಡುತ್ತಾರೆ. ಹಾಕದವರಿಗೆ ಕಾಫಿ ಇಲ್ಲ. ಮದುವೆಗೆ ಹೋದರೆ ಮೊದಲು ನೋಡುವುದು ವಧುವನ್ನಲ್ಲ, ಹಾಲಿನ ಬಾಗಿಲುಗಳನ್ನು. ಒಮ್ಮೆ ಇಗರ್ಜಿಯಲ್ಲಿ ಪೂಜೆ ಮುಗಿಸಿ ಹೊರಟ ಪಾದ್ರಿಯನ್ನೇ ತಡೆದು ಕೇಳಿದರು:

“ಫಾದರ್, ಇಲ್ಲಿ ಎಮರ್ಜೆನ್ಸಿ ಎಕ್ಸಿಟ್ ಎಲ್ಲುಂಟು?”

“ನಮ್ಮಲ್ಲಿ ಇರುವುದು ಒಂದೇ ಮಾರಾಯ್ರೆ, ಮೇಲಕ್ಕೆ!”

ಇಂಥವರ ಅಕ್ಕನ ಮನೆಯ ನೆತ್ತಿಯ ಮೇಲೆ ಕಲ್ಲು ಕಡಿದು ತೆಗೆಯುವ ಕೋರೆ ಬರುತ್ತದೆ ಎಂದರೆ ಏನಾಗಬೇಡ?

ಬಜಪೆಯಿಂದ ಸ್ವಲ್ಪ ಆಚೆಗೆ ಒಂದು ಪದವು, ಎಂದರೆ ನೆತ್ತಿ ಚಪ್ಪಟೆಯಾದ ಗುಡ್ಡ. ಮೇಲೆ ಬರಿಯ ಹುಲ್ಲು, ಕೆಳಗೆ ಕೆಂಪುಕಲ್ಲು. ನೋಡಿದರೆ ಯಾತಕ್ಕೂ ಬಾರದ ಜಾಗ. ಆದರೆ ಮಳೆಗಾಲವಿಡೀ ನೀರು ಕುಡಿದು, ಬೇಸಿಗೆಯಲ್ಲಿ ಬುಡದ ಬಾವಿಗಳಿಗೆ ಬಿಡುವುದು ಅದೇ. ಆ ಬುಡದಲ್ಲಿ ಬಾಪ್ಪುವಿನ ಈ ಅಕ್ಕನ, ಎಂದರೆ ನನ್ನ ಅತ್ತೆಯ ಮನೆ. ಅತ್ತೆ ಮತ್ತು ಅವರ ಸೊಸೆ ಅಂಗಳದ ತುಂಬ ಮಲ್ಲಿಗೆ ಬೆಳೆಸಿ ಮಾರುತ್ತಾರೆ. ಮಲ್ಲಿಗೆಗೆ ದಿನವೂ ನೀರು ಬೇಕು. ಬಾವಿ ಹೋದರೆ ಮಲ್ಲಿಗೆ ಹೋಯಿತು, ಮಲ್ಲಿಗೆ ಹೋದರೆ ಮನೆ ನಡೆಯುವುದಿಲ್ಲ.

ಅತ್ತೆ ಫೋನಿನಲ್ಲಿ ಅತ್ತರು. ಬಾಪ್ಪುವಿಗೆ ಮಾತ್ರ ಹಬ್ಬ!

“ಅಳುವುದೆಂತ ಬಾಯ್? ನಿಯಮ ಉಂಟಲ್ಲ! ಜನರನ್ನು ಕೇಳದೆ ಕೋರೆ ಮಾಡ್ಲಿಕ್ಕೆ ಆಗುವುದೇ ಇಲ್ಲ!”

ಬಾಯ್ ಎಂದರೆ ಅಕ್ಕ. ಮರುದಿನವೇ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಅವರು ಗಣಿ ಇಲಾಖೆಯ ಕಚೇರಿಗೆ ಹೋದರು. ನಾನೂ ಹಿಂದೆ ಹೋದೆ. ಅಲ್ಲಿಯ ಅಧಿಕಾರಿ ಒಳ್ಳೆಯವರು. ಕೂರಿಸಿ, ಸಮಾಧಾನದಿಂದ ವಿವರಿಸಿದರು: ಜಾಗ ಸಣ್ಣದಾದರೆ ಜನರ ಸಭೆ ಕರೆಯಬೇಕಾಗಿಲ್ಲ. ಇದು ಸಣ್ಣದೇ. ಇದರ ಪಕ್ಕದ್ದೂ ಸಣ್ಣದು. ಅದರಾಚೆಯದ್ದೂ ಸಣ್ಣದು. ಒಂದು ಕೋರೆಯ ಗುತ್ತಿಗೆದಾರರ ಹೆಸರಲ್ಲಿ, ಒಂದು ಅವರ ಹೆಂಡತಿಯ ಹೆಸರಲ್ಲಿ, ಒಂದು ಭಾವನ ಹೆಸರಲ್ಲಿ.

“ಅಲ್ಲ ಸಾರ್,” ಬಾಪ್ಪು ಕೇಳಿದರು, “ಒಂದು ಹಂದಿಯನ್ನು ಮೂರು ಪಾತ್ರೆಯಲ್ಲಿ ಬೇಯಿಸಿದರೆ ಅದು ಹಂದಿ ಅಲ್ಲವಾ?”

“ನಮ್ಮ ಟೇಬಲಿಗೆ ಬರುವುದು ಪಾತ್ರೆ ಮಾತ್ರ ಸಾರ್.”

ಬಾಪ್ಪು ಎದ್ದು ಹೊರಗೆ ಬಂದರು. ನಿಯಮವನ್ನು ಯಾರೋ ಮುರಿದಿದ್ದರೆ ಅವರಿಗೆ ಜಗಳವಾಡಲು ಗೊತ್ತಿತ್ತು. ಇಲ್ಲಿ ಯಾರೂ ಏನನ್ನೂ ಮುರಿದಿರಲಿಲ್ಲ!

ಸರಕಾರ ಕರೆಯದ ಸಭೆಯನ್ನು ಬಾಪ್ಪುವೇ ಕರೆದರು. ಅತ್ತೆಯ ಊರಿನ ಇಗರ್ಜಿಯ ಹಾಲ್ ತುಂಬಿತು. ತುಳು, ಕೊಂಕಣಿ, ಬ್ಯಾರಿ ಎಲ್ಲದರಲ್ಲೂ ಬೈಗುಳ ಚೆನ್ನಾಗಿಯೇ ಬಂತು. ಅಷ್ಟರಲ್ಲಿ ಕರೆಯದೆ ಬಂದವರು ಆ ಗುತ್ತಿಗೆದಾರರು. ಎಲ್ಲರಿಗೂ ಕೈ ಮುಗಿದು, ನಗುತ್ತ ಒಂದೇ ಪ್ರಶ್ನೆ ಹಾಕಿದರು:

“ಇಲ್ಲಿ ಕೂತವರ ಮನೆ ಎಂತರಲ್ಲಿ ಕಟ್ಟಿದ್ದು? ಈ ಹಾಲ್ ಎಂತರಲ್ಲಿ? ನಿಮ್ಮ ಕಂಪೌಂಡ್ ಎಂತರಲ್ಲಿ ಅಂಕಲ್?”

ಕೂತವರೆಲ್ಲ ತಿರುಗಿ ಹಾಲಿನ ಗೋಡೆ ನೋಡಿದರು: ಕೆಂಪುಕಲ್ಲು!

“ಪ್ರಶ್ನೆ ಸರಿ ಉಂಟು,” ಎಂದರು ಬಾಪ್ಪು. “ನಾಳೆ ಉತ್ತರ ಕೊಡ್ತೇನೆ.”

ಉತ್ತರ ಏನೆಂದು ಮರುದಿನ ಬೆಳಿಗ್ಗೆ ಗೊತ್ತಾಯಿತು. ಬಾಪ್ಪು ಹೆಲ್ಮೆಟ್ ಹಾಕಿ, ಹಾರೆ ಹಿಡಿದು, ತಮ್ಮ ಕಂಪೌಂಡ್ ಗೋಡೆಯನ್ನು ಬಿಚ್ಚುತ್ತಿದ್ದರು! ಪಕ್ಕದ ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ಒಬ್ಬರು ಕೇಳಿದರು:

“ಎಂತ ಮಾರಾಯ್ರೆ, ಆಸ್ತಿ ಪಾಲಾಯಿತಾ?”

“ಇಲ್ಲ. ಗುಡ್ಡದ್ದು ಗುಡ್ಡಕ್ಕೆ ವಾಪಸ್ ಕೊಡುವುದು.”

ಬಾಲ್ಕನಿಯ ಬಾಗಿಲು ಮೆಲ್ಲನೆ ಮುಚ್ಚಿಕೊಂಡಿತು.

ಗೂಡ್ಸ್ ರಿಕ್ಷಾ ಒಂದರಲ್ಲಿ ಕಲ್ಲು ಹೇರಿ ಬಾಪ್ಪು ಪದವಿನ ಕಡೆಗೆ ಹೊರಟರು. ದಾರಿಯಲ್ಲಿ ತಪಾಸಣೆ. ನಾನು ಅಲ್ಲಿರಲಿಲ್ಲ, ಆದರೆ ಈ ಕತೆಯನ್ನು ಎಷ್ಟು ಸಲ ಹೇಳಿದ್ದೇನೆಂದರೆ ಈಗ ನನಗೆ ನಾನೇ ಆ ರಿಕ್ಷಾದಲ್ಲಿ ಕೂತಿದ್ದ ಹಾಗೆ ಕಾಣುತ್ತದೆ. ಬಾಪ್ಪು ಹೇಳುವಾಗ ತಡೆದ ಅಧಿಕಾರಿಗೆ ದೊಡ್ಡ ಮೀಸೆ. ರಿಕ್ಷಾದವನು ಹೇಳುವಾಗ ಅದು ಹೆಂಗಸು. ಒಬ್ಬರ ಪ್ರಕಾರ ಜಡಿಮಳೆ, ಇನ್ನೊಬ್ಬರ ಪ್ರಕಾರ ಸುಡುಬಿಸಿಲು. ನನ್ನದರಲ್ಲಿ ಎರಡೂ ಇದೆ, ನಂಬಬೇಡಿ. ಇಬ್ಬರೂ ಒಪ್ಪುವುದು ಇಷ್ಟನ್ನು: ಟಾರ್ಪಾಲು ಹೊದ್ದ ಕಲ್ಲಿನ ಲಾರಿಗಳು ಸಾಲಾಗಿ ಕಾಗದ ತೋರಿಸಿ ಮುಂದೆ ಹೋದವು, ರಿಕ್ಷಾ ನಿಂತಿತು.

“ಪರ್ಮಿಟ್ ಎಲ್ಲಿ?”

“ಇದು ತೆಗೆದದ್ದಲ್ಲ ಸಾರ್, ವಾಪಸ್ ಇಡ್ಲಿಕ್ಕೆ ಕೊಂಡುಹೋಗುವುದು.”

“ತೆಗೀಲಿಕ್ಕೆ ಪರ್ಮಿಟ್ ಉಂಟು. ವಾಪಸ್ಸಿಗೆ ಪರ್ಮಿಟ್ ಇಲ್ಲ. ತಿರುಗಿಸಿ!”

(“ಸಾರ್” ಎಂದರೆ ಹೆಂಗಸಲ್ಲ ಎಂದಾಯಿತಲ್ಲ ಎಂದು ನೀವು ಕೇಳಬಹುದು. ಬಾಪ್ಪು ಅಧಿಕಾರದಲ್ಲಿರುವ ಎಲ್ಲರನ್ನೂ ಸಾರ್ ಎನ್ನುತ್ತಾರೆ.)

ಆ ಮಾತು ವಾಟ್ಸಪ್ಪಿನಲ್ಲಿ ಬಜಪೆಯಿಂದ ಬೆಂಗ್ರೆಯವರೆಗೆ ಹೋಯಿತು. ಮೀನು ಮಾರ್ಕೆಟಿನಲ್ಲಿ ಬಾಪ್ಪುವನ್ನು ಕಂಡವರು “ವಾಪಸ್ ಅಂಕಲ್, ಈ ಬಂಗುಡೆಯನ್ನು ಸಮುದ್ರಕ್ಕೆ ಬಿಡುವುದಾ?” ಎಂದು ಕೇಳಿದರು. ಎಲ್ಲರೂ ನಕ್ಕರು, ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಮುಂದಿನ ಸಭೆಗೆ ಜನ ಬಂದದ್ದು ಬಾಪ್ಪುವಿನ ಹೆಲ್ಮೆಟ್ ನೋಡಲು. ಅದರ ಮುಂದಿನದಕ್ಕೆ ಅವರೂ ಬರಲಿಲ್ಲ. ಬಾಪ್ಪು ನೆನಪಿನಲ್ಲಿ ಉಳಿದರು, ಗುಡ್ಡ ಮರೆತುಹೋಯಿತು. ನಗು ಇಳಿಯುವ ಹೊತ್ತಿಗೆ ಪದವಿನ ಮೇಲೆ ಕಲ್ಲು ಕತ್ತರಿಸುವ ಯಂತ್ರ ಕೂಗುತ್ತಿತ್ತು.

ಮೊದಲ ಬೇಸಿಗೆಯಲ್ಲಿ ಅತ್ತೆ ಬಾವಿಯ ಹಗ್ಗಕ್ಕೆ ಇನ್ನೊಂದು ಹಗ್ಗ ಕಟ್ಟಿದರು. ಎರಡನೆಯದರಲ್ಲಿ ಕೊಡಪಾನ ಕಲ್ಲಿಗೆ ಬಡಿದ ಸದ್ದು ಕೇಳಿತು. ಮಲ್ಲಿಗೆಯ ಗಿಡಗಳನ್ನು ಸೊಸೆ ಕಿತ್ತು, ಬಜಪೆಯ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು.

ಹೋದ ಭಾನುವಾರ ಬಾಪ್ಪು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಬರಿದಾದ ಅಂಗಳ ದಾಟಿ ಒಳಗೆ ಕೂತ ಕೂಡಲೇ ಅತ್ತೆ ಎರಡು ಗ್ಲಾಸ್ ನೀರು ತಂದಿಟ್ಟರು.

“ಕುಡಿ. ಬಾವಿಯದ್ದೇ. ಈ ಸಲ ಸ್ವಲ್ಪ ಬಂದಿದೆ ಮಾರಾಯ. ನೀನು ಅಷ್ಟು ಓಡಾಡಿದ್ದು ದಂಡ ಆಗಲಿಲ್ಲ.”

ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ಹಿತ್ತಲಲ್ಲಿ ಟ್ಯಾಂಕರಿನವರು ತುಂಬಿಸಿಟ್ಟ ನೀಲಿ ಡ್ರಮ್ಮುಗಳು ನನಗೆ ಕಂಡವು. ಬಾಪ್ಪು ಅವುಗಳಿಗೆ ಎದುರಾಗಿಯೇ ಕೂತಿದ್ದರು. ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸದ ನೀರನ್ನು ಅವರು ಬಾಯಿಗೆ ಹಾಕಿದ್ದನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಗ್ಲಾಸನ್ನು ಎತ್ತಿ ಒಂದೇ ಉಸಿರಿಗೆ ಕುಡಿದು ಮುಗಿಸಿದರು.

“ಸಿಹಿ ಉಂಟು ಬಾಯ್,” ಎಂದರು. “ಇನ್ನೊಂದು ಗ್ಲಾಸ್ ಕೊಡು.”