ಕೊಲೆ ಪುಸ್ತಕ ತರಲು ಹೋದದ್ದು

ಮಕ್ಕಳೇ, ನಿಮ್ಮ ತಾತ ಕೊಲೆ, ದರೋಡೆಗಳ ಚಿತ್ರಕಥೆ ಪುಸ್ತಕ ಮಾಡುತ್ತಿದ್ದರು ಅಂದರೆ ನೀವು ನಂಬಲಿಲ್ಲ. ಎಲ್ಲ ನಿಜವಾಗಿ ನಡೆದದ್ದೇ. ಪೇಪರಿನ ಸುದ್ದಿಯನ್ನು ಮೈಸೂರಿನ ಪ್ರೆಸ್ಸಿನವರು ಕಥೆ ಮಾಡಿ ಕಳಿಸುತ್ತಿದ್ದರು, ಇವರು ಚಿತ್ರ ಬರೆಯುತ್ತಿದ್ದರು. "ಬುರುಡೆ ಬಿಡ್ಬೇಡಿ ಅಜ್ಜಿ, ತಾತ ಬರೀ ಡ್ರಾಯಿಂಗ್ ಮೇಷ್ಟ್ರು" ಎಂದು ಚಿನ್ನು ನಕ್ಕಳು. ಆ ನಗು ನನಗೆ ನಾಟಿತು. ಒಂದು ಪುಸ್ತಕವನ್ನಾದರೂ ತಂದು ನಿಮ್ಮ ಮುಂದೆ ಇಡದಿದ್ದರೆ ನಾನು ನಿಮ್ಮ ಅಜ್ಜಿಯೇ ಅಲ್ಲ ಎಂದು ತೀರ್ಮಾನಿಸಿಬಿಟ್ಟೆ.

ನಂಜನಗೂಡಿನ ನಮ್ಮ ಮನೆಯಲ್ಲಿದ್ದ ಪುಸ್ತಕಗಳು ಕಪಿಲೆ ಹೊಳೆ ಉಕ್ಕಿ ಒಳಗೆ ಬಂದ ವರ್ಷ ನೀರುಪಾಲಾಗಿದ್ದವು. ಆದರೆ ತಾತ ತಿ. ನರಸೀಪುರದಲ್ಲಿ ಮೇಷ್ಟ್ರಾಗಿದ್ದಾಗ, ಕಾಯುವವರು ಓದಲಿ ಎಂದು ಬಸ್ ಸ್ಟ್ಯಾಂಡಿನ ಹತ್ತಿರದ ಸಲೂನಿಗೂ ಒಂದೊಂದು ಕೊಡುತ್ತಿದ್ದರು. ಸಲೂನು ಈಗಲೂ ಇದೆ. ಹೋಗುವುದು, ಕೇಳುವುದು, ತರುವುದು. ಇದರಲ್ಲಿ ಕಷ್ಟವೇನಿದೆ?

ಕಷ್ಟ ಬಾಗಿಲಲ್ಲೇ ನಿಂತಿತ್ತು! ಗಂಡಸರ ಸಲೂನಿನ ಮೆಟ್ಟಿಲು ನಾನು ಹತ್ತಿದವಳಲ್ಲ. ಎದುರಿನ ಬೇಕರಿಯಲ್ಲಿ ನಿಂತು ಬೇಡದ ಬನ್ನು ಕೊಂಡೆ. ಆಮೇಲೆ ಬೇಡದ ರಸ್ಕು ಕೊಂಡೆ. ಬೇಕರಿಯವನೇ ಅನುಮಾನದಿಂದ ನೋಡತೊಡಗಿದಾಗ ಸೆರಗು ಬಿಗಿದು ಸಲೂನಿಗೆ ನುಗ್ಗಿದೆ.

ಕತ್ತರಿಯ ಸದ್ದು ನಿಂತಿತು. ಹಳೆಯ ಮಾಲೀಕರ ಮಗ ನನ್ನನ್ನು ನೋಡಿ, "ಅಮ್ಮಾ, ಮುಡಿ ಕೊಡೋದಾದ್ರೆ ಇಲ್ಲಲ್ಲ ಕಣಮ್ಮ, ನಂಜನಗೂಡಿಗೆ ಓಗ್ಬೇಕು" ಎಂದ.

"ಅಲ್ಲಿಂದಲೇ ಬಂದೆ ಕಣಪ್ಪ!"

"ಯಾಕೆ, ಅಲ್ಲಿ ರಶ್ಶಾ?"

"ಮುಡಿ ಅಲ್ಲಪ್ಪ. ಪುಸ್ತಕ. ಕೊಲೆ ಪುಸ್ತಕ."

"ಯಾರ್ದು?"

ಇಲ್ಲಿ ಸಿಕ್ಕಿಬಿದ್ದೆ. ಗಂಡನ ಹೆಸರನ್ನು ನಾನು ರೇಷನ್ ಅಂಗಡಿಯಲ್ಲೂ ಬಾಯಿಬಿಟ್ಟು ಹೇಳಿದವಳಲ್ಲ. "ನಮ್ಮನೆಯವರದು" ಎಂದೆ.

ಕೆನ್ನೆ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದ ಗೌಡರೊಬ್ಬರು ತಿರುಗಿದರು. "ಅಯ್ಯೋ ತಾಯಿ, ನಿಮ್ಮ ಯಜಮಾನ್ರ ಕೊಲೆ ಆಯ್ತಾ?"

"ಇಲ್ಲ ಇಲ್ಲ, ಅವರೇ ಮಾಡಿದ್ದು!" ಗಾಬರಿಯಲ್ಲಿ ಬಾಯಿಗೆ ಬಂದದ್ದು ಇದು. "ತಿಂಗಳಿಗೊಂದು ಮಾಡ್ತಿದ್ರು!"

ಗೌಡರು ನೊರೆಯ ಸಮೇತ ಕುರ್ಚಿಯಿಂದ ಅರ್ಧ ಎದ್ದರು.

"ಚಿತ್ರ! ಡ್ರಾಯಿಂಗ್ ಮೇಷ್ಟ್ರು!" ಎಂದು ಕೂಗಿದ ಮೇಲೆ ಸಲೂನಿನವನಿಗೆ ಅರ್ಥವಾಯಿತು. "ಓ, ನಮ್ಮಪ್ಪಂಗೆ ಪುಸ್ತಕ ಕೊಡ್ತಿದ್ದ ಮೇಷ್ಟ್ರಾ! ಮೊದ್ಲೇ ಅನ್ಬಾರ್ದಾ?" ಎಂದು ಅಟ್ಟ ಹತ್ತಿ, ಧೂಳು ಕೊಡವಿ ಒಂದು ಪುಸ್ತಕ ತಂದ. ಮೇಲೆ ಕೆಂಪಕ್ಷರದಲ್ಲಿ 'ನಡೆದ ಘಟನೆ' ಎಂದಿತ್ತು. ಒಳಗೆ ಒಬ್ಬ ಹೆಂಗಸು ಗಂಡನ ಪಾಯಸಕ್ಕೆ ವಿಷ ಬೆರೆಸುತ್ತಿದ್ದಳು. ಅವನು ಪುಟ ನೋಡಿದ. ನನ್ನನ್ನು ನೋಡಿದ. ಮತ್ತೆ ಪುಟ ನೋಡಿದ. ಗೌಡರೂ ಬಗ್ಗಿದರು. ಚೂಪು ಮೂಗು, ಗಲ್ಲದ ಮೇಲೆ ಮಚ್ಚೆ, ಎಡಕ್ಕೆ ವಾಲಿದ ತುರುಬು.

"ಇವ್ರೇ ಕಣ್ಲಾ!" ಎಂದರು ಗೌಡರು.

"ಅದು ನಾನಲ್ಲ!"

"ಮಚ್ಚೆ ಐತಲ್ಲ ತಾಯಿ."

ಸಲೂನಿನವನು ಕ್ಷೌರದ ಕತ್ತಿಯನ್ನು ಮೆಲ್ಲಗೆ ಮಡಚಿ ಜೇಬಿಗೆ ಹಾಕಿಕೊಂಡ. ನಾನು ಒಳ್ಳೆಯವಳೆಂದು ತೋರಿಸಬೇಕಲ್ಲ, ಚೀಲದಿಂದ ಬನ್ನು ತೆಗೆದು ಎಲ್ಲರ ಮುಂದೆ ಹಿಡಿದೆ. ಒಬ್ಬರೂ ಮುಟ್ಟಲಿಲ್ಲ!

"ಪುಸ್ತಕ ನೀವೇ ಇಟ್ಕಳಿ ತಾಯಿ" ಎಂದ ಅವನು. "ಬನ್ನೂ ನೀವೇ ಇಟ್ಕಳಿ."

ಬಸ್ಸಿನಲ್ಲಿ ಉಳಿದ ಪುಟ ತಿರುವಿದೆ. ಎರಡನೆಯ ಕಥೆಯಲ್ಲಿ ಸರ ಕದ್ದವಳೂ ನಾನೇ! ಆಗ ಹೊಳೆಯಿತು. ಊಟಕ್ಕೆ ಕೂತಾಗೆಲ್ಲ ನಿಮ್ಮ ತಾತ ಬೇಕೆಂದೇ "ಸಾರು ಸಪ್ಪೆ" ಎಂದು ಕೆಣಕಿ, ನನಗೆ ಸಿಟ್ಟು ಬಂದೊಡನೆ ಕಣ್ಣು ಕೀಳದೆ ನನ್ನನ್ನೇ ನೋಡುತ್ತಿದ್ದರು. ನಾನು ಅದನ್ನು ಪ್ರೀತಿ ಅಂದುಕೊಂಡಿದ್ದೆ!

ಇರಲಿ, ಗೆದ್ದೆ. ಪುಸ್ತಕ ನೋಡಿ ಚಿನ್ನು, "ತಾತ ಸೂಪರ್ ಆರ್ಟಿಸ್ಟ್ ಅಜ್ಜಿ! ಥೇಟ್ ನೀವೇ!" ಎಂದು ಒಪ್ಪಿಕೊಂಡಳು. ಆ ಖುಷಿಗೆ ಶಾವಿಗೆ ಪಾಯಸ ಮಾಡಿದೆ. ನೀವೆಲ್ಲ ಲೋಟ ಹಿಡಿದು ಒಬ್ಬರ ಮುಖ ಒಬ್ಬರು ನೋಡಿಕೊಂಡಿರಿ.

"ಅಜ್ಜಿ, ಮೊದ್ಲು ನೀವು ಕುಡೀರಿ."

ನನ್ನ ಮಾನ ಉಳಿಸಿಕೊಳ್ಳಲು ಗಟಗಟನೆ ಕುಡಿದೆ, ಮುಖ ಕಿವುಚಿತು.

ಸಕ್ಕರೆ ಹಾಕುವುದನ್ನೇ ಮರೆತಿದ್ದೆ!