ಮಗುವಿನ ಡಬ್ಬ, ಸಾಹೇಬರ ಹೊಟ್ಟೆ

ಗುಮಾಸ್ತನ ಮಗುವಿಗೆ ಹಸುವಿನ ಹಾಲು ಆಗುತ್ತಿರಲಿಲ್ಲ. ಒಂದು ಗುಟುಕು ಒಳಗೆ ಹೋದರೆ ಮೈಯೆಲ್ಲ ದದ್ದು, ಮನೆಯೆಲ್ಲ ರಂಪ. ಡಾಕ್ಟರು ಬರೆದುಕೊಟ್ಟದ್ದು ಹಾಲಿನ ಪ್ರೋಟೀನನ್ನು ಚೂರು ಚೂರು ಮಾಡಿ ತಯಾರಿಸಿದ ವಿಶೇಷ ಪುಡಿ. ವಾಸನೆಯೋ, ಒದ್ದೆ ಕಾಲುಚೀಲದ್ದು. ಮಗು ಮಾತ್ರ ಚಪ್ಪರಿಸಿಕೊಂಡು ಕುಡಿಯುತ್ತಿತ್ತು.

ಅಂದು ಮನೆಯ ಡಬ್ಬದಲ್ಲಿ ಒಂದೇ ಹೊತ್ತಿಗಾಗುವಷ್ಟು ಉಳಿದಿತ್ತು. ಊಟದ ಬಿಡುವಿನಲ್ಲಿ ಗುಮಾಸ್ತ ಔಷಧಿ ಅಂಗಡಿಗೆ ಓಡಿದ. ಬಂದಿದ್ದವು ಎರಡೇ ಡಬ್ಬ. ಒಬ್ಬರಿಗೆ ಒಂದೇ ಎಂದ ಅಂಗಡಿಯವ. ಅದನ್ನು ಎದೆಗವಚಿಕೊಂಡು ಕಚೇರಿಗೆ ತಂದು, ಮೇಜಿನ ಮೇಲೆ ಫೈಲುಗಳ ನಡುವೆ ಜಾಗ ಕಾಣದೆ, ಟೀ ಕೋಣೆಯ ಕಪಾಟಿನಲ್ಲಿಟ್ಟ. ಎಡವಿದ್ದು ಅಲ್ಲೇ. ಆ ಕಪಾಟಿನಲ್ಲಿಟ್ಟದ್ದೆಲ್ಲ ಎಲ್ಲರದು ಎಂಬುದು ಆ ಕಚೇರಿಯಲ್ಲಿ ಯಾರೂ ಬರೆದಿಡದ ಕಾನೂನು.

ನಾಲ್ಕು ಗಂಟೆಗೆ ಟೀಗಿಟ್ಟ ಹಾಲು ಒಡೆಯಿತು. ಹೆಡ್ ಕ್ಲರ್ಕ್ ಮೇಡಂ ಡಬ್ಬ ಕಂಡವರೇ ಕುದಿಯುವ ನೀರಿಗೆ ಸುರಿದರು. ಬಣ್ಣ ಬರಲಿಲ್ಲವೆಂದು ಇನ್ನಷ್ಟು, ರುಚಿ ಬರಲಿಲ್ಲವೆಂದು ಉಳಿದದ್ದಷ್ಟೂ.

ಲೋಟ ಮೂಗಿನ ಹತ್ತಿರ ಬರುತ್ತಲೇ ಗುಮಾಸ್ತನಿಗೆ ಅದೇ ಒದ್ದೆ ಕಾಲುಚೀಲದ ವಾಸನೆ ಹೊಡೆಯಿತು.

“ಮೇಡಂ, ಇದು ನಮ್ಮ ಮಗೂದು.”

“ಅಯ್ಯೋ, ಮೊದಲೇ ಹೇಳೋದಲ್ವಾ? ನಮ್ಮ ಮಕ್ಕಳೆಲ್ಲ ಮಾಮೂಲಿ ಹಾಲು ಕುಡಿದೇ ದುಂಡಗಾದ್ರು. ನೀವು ಸುಮ್ನೆ ತಲೆ ಕೆಡಿಸ್ಕೊಂಡಿದ್ದೀರ.”

ಎಲ್ಲರೂ ಟೀಯನ್ನು ಮೋರಿಗೆ ಚೆಲ್ಲಿದರು. ಪೂರ್ತಿ ಕುಡಿದವರು ಸಾಹೇಬರೊಬ್ಬರೇ. ಹಾಲು ಹಾಕಿದ ಟೀ ಕುಡಿದ ಹತ್ತು ನಿಮಿಷಕ್ಕೆ ಹೊಟ್ಟೆ ಹಿಡಿದುಕೊಂಡು ಓಡುವುದು ಅವರ ದಿನಚರಿ. ಅಂದು ಓಡಲಿಲ್ಲ. ಖಾಲಿ ಡಬ್ಬ ತರಿಸಿಕೊಂಡು ಹೆಸರು ಬರೆದುಕೊಂಡರು, ಬೇಗನೆ ಹೊರಟೂಹೋದರು.

ಸಂಜೆ ಗುಮಾಸ್ತ ಮತ್ತೆ ಅಂಗಡಿಗೆ ಓಡಿದ.

“ಇನ್ನೊಂದನ್ನ ಈಗಷ್ಟೇ ಒಬ್ರು ತಗೊಂಡು ಹೋದ್ರು,” ಎಂದ ಅಂಗಡಿಯವ. “ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಟೀ ದಕ್ಕಿತು ಅಂತಿದ್ರು.”

ಯಾರೆಂದು ಕೇಳಬೇಕಾಗಿರಲಿಲ್ಲ. ಗುಮಾಸ್ತ ಸಾಹೇಬರ ಮನೆ ಬಾಗಿಲಲ್ಲಿ ನಿಂತು ಸಂಕಟ ಹೇಳಿಕೊಂಡ. ಅವರು ಸೀಲು ಒಡೆಯದ ಡಬ್ಬವನ್ನು ಒಮ್ಮೆ ಆಸೆಯಿಂದ ಸವರಿ, ಅವನ ಕೈಗಿಟ್ಟರು.

“ಮಗು ಹಸಿದಿರುತ್ತೆ. ಓಡ್ರಿ.”

ಒಳ್ಳೆಯ ಮನುಷ್ಯ, ಪಾಪ.

ಮಗು ಹೊಟ್ಟೆ ತುಂಬ ಕುಡಿದು ಮಲಗಿತು. ಕಪಾಟಿನ ಸುದ್ದಿ ಹೆಂಡತಿಗೆ ಹೇಳುವ ಧೈರ್ಯ ಅವನಿಗಿರಲಿಲ್ಲ. ಅಂಗಡಿಯಲ್ಲಿ ಮುಗಿದಿತ್ತು, ಸಾಹೇಬರೇ ಹುಡುಕಿಸಿ ಕೊಟ್ಟರು ಎಂದು ಹೇಳಿ, ನೆಮ್ಮದಿಯಾಗಿ ಮುಖ ತೊಳೆಯಲು ಹೋದ. ಬರುವಷ್ಟರಲ್ಲಿ ಅವಳು ಫೋನು ಕೆಳಗಿಡುತ್ತಿದ್ದಳು.

“ಎಂಥ ದೊಡ್ಡ ಮನಸ್ಸು ರೀ ನಿಮ್ಮ ಸಾಹೇಬ್ರದ್ದು. ನಾಳೆ ಟೀಗೆ ಬನ್ನಿ ಅಂತ ಕರೆದೆ.”

“ಏನಂದ್ರು?”

“ಖಂಡಿತ ಬರ್ತೀನಮ್ಮ, ಆದ್ರೆ ಇವತ್ತು ಆಫೀಸಲ್ಲಿ ನಿಮ್ಮ ಯಜಮಾನ್ರ ಡಬ್ಬದ ಪುಡಿ ಹಾಕಿದ್ರಲ್ಲ, ಅದನ್ನೇ ಒಂದು ಚಮಚ ಹಾಕಿ ಮಾಡಿ ಅಂದ್ರು.” ಅವಳು ಸೊಂಟದ ಮೇಲೆ ಕೈಯಿಟ್ಟಳು. “ಯಾವ ಡಬ್ಬ ರೀ ಅದು?”