ಹಿಂದಿಯ ದಾರಿಯಲ್ಲಿ ಇಂಗ್ಲಿಷಿಗೆ

ಇಂಗ್ಲಿಷ್ ಕಲಿಯಲು ಹೊರಟವನ ಬದುಕಿನಲ್ಲಿ ನಗು ಬರುವಂಥದ್ದು ದಿನಕ್ಕೊಂದಾದರೂ ನಡೆಯುತ್ತದೆ. ನಗುವ ಸರದಿ ಮಾತ್ರ ಯಾವಾಗಲೂ ಬೇರೆಯವರದು. ಪದವಿ ಮುಗಿಸಿ ಬ್ಯಾಂಕ್ ಅಧಿಕಾರಿಯ ಪರೀಕ್ಷೆಯನ್ನು ಎರಡು ಸಲ ಬರೆದೆ, ಎರಡು ಸಲವೂ ಬಿದ್ದೆ. ಗಣಿತದಲ್ಲಲ್ಲ, ತರ್ಕದಲ್ಲಲ್ಲ, ಇಂಗ್ಲಿಷಿನಲ್ಲಿ. ಸಾಲಗಾಮೆಯಲ್ಲಿ ರಸಗೊಬ್ಬರದ ಅಂಗಡಿ ಇಟ್ಟಿರುವ ಅಪ್ಪ ತೀರ್ಪು ಕೊಟ್ಟರು: "ಇನ್ನೊಂದ್ಸಲ ಬರಿ. ಆಗ್ನಿಲ್ವಾ, ಬಂದು ಅಂಗಡೀಲಿ ಕೂತ್ಕೊ. ಯೂರಿಯಾ ಮೂಟೆಗೆ ಇಂಗ್ಲಿಷ್ ಬ್ಯಾಡ."

ಪತ್ರಿಕೆಯ ಸಂಪಾದಕೀಯ ಓದಿದರೆ ಮೇಲ್ಮಟ್ಟದ ಪದಗಳು ತಾವಾಗಿ ಬರುತ್ತವೆ ಎಂದು ಎಲ್ಲರೂ ಹೇಳಿದರು. ಅದನ್ನು ಸಾಲುಸಾಲಾಗಿ ಬಿಡಿಸಿ ಹೇಳುವ ಪಾಠ ಮೊಬೈಲಿನಲ್ಲಿ ಪ್ರತಿದಿನ ಬರುತ್ತದೆ, ಹಿಂದಿಯಲ್ಲಿ, ಹಿಂದಿಯವರಿಗಾಗಿ. ಶಾಲೆಯ ಹಿಂದಿಯಲ್ಲಿ ನನಗೆ ಉಳಿದದ್ದು ಅಕ್ಷರಮಾಲೆ. ಕನ್ನಡದಲ್ಲಿ ಹುಡುಕಿದಾಗ ಸಿಕ್ಕಿದ್ದು ಹಣ್ಣು, ತರಕಾರಿ ಮತ್ತು ವಾರದ ದಿನಗಳು. ಬ್ಯಾಂಕಿನವರು ಬದನೆಕಾಯಿ ಕೇಳುವುದಿಲ್ಲ. ಸಿಟ್ಟು ಬಂತು. ಸಿಟ್ಟಿನಲ್ಲೇ ಆ ಹಿಂದಿ ಪಾಠಕ್ಕೆ ಕೂತೆ.

೧. ವಿವರಣೆ

ಹಾಸನದ ಗ್ರಂಥಾಲಯದ ಮೆಟ್ಟಿಲ ಮೇಲೆ ನಾನು ಮತ್ತು ಹೊಳೆನರಸೀಪುರದಿಂದ ಬರುತ್ತಿದ್ದ ಗೆಳೆಯ, ಒಂದೇ ಇಯರ್‌ಫೋನಿನ ಒಂದೊಂದು ತುದಿ ಕಿವಿಗಿಟ್ಟು, ಮೊದಲ ಪಾಠ ಕೇಳಿದೆವು. 'ಅನ್‌ಪ್ರಿಸಿಡೆಂಟೆಡ್' ಎಂದು ಬರೆದ ಮೇಷ್ಟ್ರು ಅದರ ಅರ್ಥ 'ಅಭೂತಪೂರ್ವ' ಎಂದರು. 'ಆಂಬಿಗ್ಯುಯಸ್' ಎಂದರೆ 'ಅಸ್ಪಷ್ಟ'. ನಾವು ಬೆರಗಾಗಿ ಮುಖ ಮುಖ ನೋಡಿಕೊಂಡೆವು. ಎಲ್ಲೋ ಉತ್ತರದಲ್ಲಿ ಕೂತ ಮನುಷ್ಯ ನಮ್ಮ ಕನ್ನಡ ಪಠ್ಯಪುಸ್ತಕದ ಭಾಷೆ ಆಡುತ್ತಿದ್ದರು!

"ಹಿಂದಿ ಇಷ್ಟೇನಾ?" ಎಂದ ಗೆಳೆಯ.

ಅಷ್ಟರಲ್ಲಿ ಮೇಷ್ಟ್ರು, ಅರ್ಥವಾಗದವರಿಗೆ ಸರಳ ಭಾಷೆಯಲ್ಲಿ ಹೇಳುತ್ತೇನೆ ಎಂದು ತಮ್ಮ ಮನೆಮಾತಿಗೆ ಇಳಿದರು. ಮುಂದಿನ ಹತ್ತು ನಿಮಿಷ ಒಂದಕ್ಷರ ತಿಳಿಯಲಿಲ್ಲ.

ಗೆಳೆಯ ಇಯರ್‌ಫೋನ್ ಕಿತ್ತು ಹೇಳಿದ: "ಎಲ್ಲಾ ಅರ್ಥ ಆಗಿತ್ತು ಕಣ್ಲಾ, ಈವಯ್ಯ ವಿವರ್ಸಿ ಕೆಡಿಸ್ಬುಟ್ಟ!"

೨. ಓದುವ ಕ್ರಮ

ಗ್ರಂಥಾಲಯಕ್ಕೆ ಬರುವ ಇಂಗ್ಲಿಷ್ ಪತ್ರಿಕೆ ಒಂದೇ. ಅದರ ಹಾಳೆಗಳನ್ನು ಬಿಡಿಸಿ ಹಂಚಿಕೊಂಡು ಓದುವುದು ಅಲ್ಲಿನ ಪದ್ಧತಿ. ಸಂಪಾದಕೀಯದ ಹಾಳೆ ಮಾತ್ರ ಬಾಗಿಲು ತೆರೆದ ಕ್ಷಣದಿಂದ ಅರಕಲಗೂಡಿನ ಒಬ್ಬ ನಿವೃತ್ತ ಗುಮಾಸ್ತರ ವಶದಲ್ಲಿರುತ್ತಿತ್ತು. ಪರೀಕ್ಷೆಗೆ ಓದುವ ಆರು ಮಂದಿ ಅವರ ಬೆನ್ನ ಹಿಂದೆ, ಪಡಿತರಕ್ಕೆ ನಿಂತಂತೆ, ನಿಲ್ಲುತ್ತಿದ್ದೆವು. ಅವರು ತುಟಿ ಅಲ್ಲಾಡಿಸದೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ನಿಟ್ಟುಸಿರಿಟ್ಟು ಏಳುತ್ತಿದ್ದರು. ನಾವು ನಾಲ್ಕು ಸಾಲಿಗೆ ನಿಘಂಟು ತೆರೆಯುವ ಜನ. ಆ ವೇಗ ಕಂಡು ನನಗೆ ಭಕ್ತಿಯೇ ಹುಟ್ಟಿತ್ತು.

ಒಂದು ದಿನ ಧೈರ್ಯ ಮಾಡಿ, ಅವರು ಆಗಷ್ಟೇ ಓದಿ ಮುಗಿಸಿದ ಪುಟದ ಒಂದು ಪದಕ್ಕೆ ಬೆರಳಿಟ್ಟು, "ಸಾ, ಇದರ ಅರ್ಥ ಏನು?" ಎಂದೆ.

ಅವರು ಕನ್ನಡಕದ ಮೇಲಿಂದ ನೋಡಿದರು. "ಅಲ್ಲಯ್ಯ, ನಲವತ್ತು ವರ್ಷದಿಂದ ಓದ್ತಾ ಇದೀನಿ, ಒಂದಿನ ಅರ್ಥಕ್ಕೆ ಅಂತ ನಿಂತೋನಲ್ಲ. ಅರ್ಥ ನೋಡ್ತಾ ಕೂತ್ರೆ ಪೇಪರ್ ಓದೋದು ಯಾವಾಗ?"

೩. ಉತ್ತಮ ವಿದ್ಯಾರ್ಥಿ

ನಮ್ಮ ಮನೆಯಲ್ಲಿ ಚಾರ್ಜರ್ ಹಾಕುವ ಜಾಗ ಅಡುಗೆಮನೆ. ಹೀಗಾಗಿ ಬೆಳಗಿನ ಪಾಠ ಅಲ್ಲೇ, ಜೋರಾಗಿ, ನಡೆಯುತ್ತಿತ್ತು. ಅಮ್ಮ ಅವರೆಕಾಳು ಹಿಸುಕುತ್ತ ಕೂತಿರುತ್ತಿದ್ದಳು. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ನಾನೆಂದೂ ಎಣಿಸಲಿಲ್ಲ.

ಆ ವರ್ಷ ಜಗುಲಿಗೆ ಟೈಲ್ಸ್ ಹಾಕಲು ಉತ್ತರದ ಇಬ್ಬರು ಕೆಲಸಗಾರರು, ಚನ್ನರಾಯಪಟ್ಟಣದಲ್ಲಿ ಒಂದು ಮನೆ ಮುಗಿಸಿಕೊಂಡು ಬಂದಿದ್ದರು. ಇಳಿಜಾರು ತಿರುವುಮುರುವಾಗಿ, ಸುರಿದ ನೀರು ಅಡುಗೆಮನೆಯ ಕಡೆ ಹರಿಯಿತು. ಅಪ್ಪ ಕೈಸನ್ನೆ ಮಾಡಿ, ಕೂಗಿ, ಕೊನೆಗೆ ತಾವೇ ನೀರಿನಂತೆ ಓಡಿ ತೋರಿಸಿದರು. ಕೆಲಸಗಾರರು ವಿನಯದಿಂದ ತಲೆಯಾಡಿಸಿ ಅದೇ ಕೆಲಸ ಮುಂದುವರಿಸಿದರು.

ಅಮ್ಮ ಕೈ ಒರೆಸಿಕೊಳ್ಳುತ್ತ ಹೊರಬಂದಳು. "ಬಚ್ಚೋ, ಇಧರ್ ಧ್ಯಾನ್ ದೋ!"

ಮಕ್ಕಳೇ, ಇತ್ತ ಗಮನ ಕೊಡಿ. ಅದೇ ಏರಿಳಿತ, ಅದೇ ಗತ್ತು; ಮೊಬೈಲಿನ ಮೇಷ್ಟ್ರೇ ಸೀರೆ ಉಟ್ಟು ಬಂದಂತಿತ್ತು. ನೀರು ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಬೆರಳಿನಲ್ಲಿ ಗೆರೆ ಎಳೆದು ತೋರಿಸಿ, ಕಡೆಗೆ ಕೇಳಿದಳು: "ಸಮಝ್ ಮೇ ಆಯಾ?"

ದಪ್ಪ ಮೀಸೆಯ ಆ ಇಬ್ಬರೂ ಎದ್ದು, ಕೈಕಟ್ಟಿ ನಿಂತು, "ಜೀ ಮ್ಯಾಮ್" ಎಂದರು. ಟೈಲ್ಸ್ ಕಿತ್ತು ಮತ್ತೆ ಹಾಕತೊಡಗಿದರು.

ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಅಮ್ಮ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಓಮ್‌ವರ್ಕೂ ಕೊಟ್ಬುಡ್ಲಾ ಮಗಾ?"

೪. ಸಂಬಂಧಪಟ್ಟವರು

ಮೂರನೆಯ ಸಲ ಲಿಖಿತ ಪರೀಕ್ಷೆ ಪಾಸಾಯಿತು, ಇಂಗ್ಲಿಷೂ ಸೇರಿ. ಉಳಿದದ್ದು ಸಂದರ್ಶನ. ಅದು ಕೈಕೊಟ್ಟರೆ ಯೂರಿಯಾ.

ಬೆಂಗಳೂರಿನಲ್ಲಿ ಮೂವರ ಎದುರು ಕೂತೆ. ಅಧ್ಯಕ್ಷರು ಇಂಗ್ಲಿಷಿನಲ್ಲಿ ಕೇಳಿದರು: "ನಿಮ್ಮ ಶಾಖೆಯ ಕೌಂಟರ್ ಎದುರು ಇಬ್ಬರು ಗ್ರಾಹಕರು ಹೊಡೆದಾಟಕ್ಕೆ ನಿಂತಿದ್ದಾರೆ. ಏನು ಮಾಡುತ್ತೀರಿ?"

ಇಡೀ ವರ್ಷದ ಸಂಪಾದಕೀಯಗಳು ಒಮ್ಮೆಲೇ ನಾಲಿಗೆಗೆ ಬಂದವು. ಬೆಳವಣಿಗೆ ಅಭೂತಪೂರ್ವವಾದದ್ದು ಎಂದೆ. ಇದರ ಬೇರುಗಳು ಆಳವಾಗಿವೆ, ಉಭಯ ಪಕ್ಷಗಳೂ ಸಂಯಮ ತೋರಬೇಕು, ಮಾತುಕತೆಯೊಂದೇ ದಾರಿ ಎಂದೆ. ಅಷ್ಟು ಸೊಗಸಾದ ಇಂಗ್ಲಿಷ್ ನನ್ನ ಬಾಯಿಂದ ಬರುವುದನ್ನು ನಾನೇ ಬೆರಗಿನಿಂದ ಕೇಳಿಸಿಕೊಂಡೆ. ಕೊನೆಗೆ, "ಪರಿಸ್ಥಿತಿ ಕೈಮೀರುವ ಮುನ್ನ ಸಂಬಂಧಪಟ್ಟವರು ಎಚ್ಚೆತ್ತುಕೊಳ್ಳಬೇಕು" ಎಂದು ನಿಲ್ಲಿಸಿದೆ.

ಅಧ್ಯಕ್ಷರು ಪೆನ್ನು ಕೆಳಗಿಟ್ಟರು. "ಸಂಬಂಧಪಟ್ಟವರು ಅಂದರೆ ನೀವೇ. ಎಚ್ಚೆತ್ತುಕೊಂಡಿರಿ. ಮುಂದೆ?"

ತಲೆಯಲ್ಲಿ ಮುಂದಿನ ಸಾಲು ಹುಡುಕಿದೆ.

"ಗೊತ್ತಿಲ್ಲ ಸರ್. ಸಂಪಾದಕೀಯ ಅಲ್ಲಿಗೇ ಮುಗಿಯುತ್ತದೆ."

ಮೂವರೂ ನಕ್ಕರು. ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಹೋಗಬಹುದು ಎಂದರು. ಹೋಯಿತು ಎಂದುಕೊಂಡೇ ಬಸ್ ಹತ್ತಿದೆ. ಆಯ್ಕೆಪಟ್ಟಿಯಲ್ಲಿ ನನ್ನ ಹೆಸರಿತ್ತು.

ಅಪ್ಪನಿಗೆ ನಂಬಿಕೆ ಬರಲಿಲ್ಲ. "ಅಂಥಾದ್ದೇನ್ಲಾ ಹೇಳ್ದೆ ಅವ್ರಿಗೆ?"

"ಗೊತ್ತಿಲ್ಲ ಅಂದೆ ಕಣಪ್ಪ."

ಅಪ್ಪ ರೇಗಿದರು: "ಅದ್ನ ಮೊದಲ್ನೇ ಸಲಾನೇ ಹೇಳಕ್ಕೇನಾಗಿತ್ತು ನಿಂಗೆ?"